ಹುಳು ಸಾಕಿದ ಕೋಣೆಗೆ ಮತ್ತೆ ಸುಣ್ಣ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳೇ ಮನೆಗಳಲ್ಲಿ ನಡುಮನೆ ದಾಟಿದರೆ ಒಂದು ಕತ್ತಲೆ ಕೋಣೆ ಸಿಗುತ್ತದೆ. ಬಾಗಿಲು ತಳ್ಳಿದರೆ ರೇಷ್ಮೆ ಹುಳು ಗೂಡು ಕಟ್ಟುತ್ತಿದ್ದ ಮುರಿದ ಚಂದ್ರಿಕೆಗಳು, ಗೆದ್ದಲು ತಿಂದ ಬಿದಿರು ತಟ್ಟೆಗಳು, ಗೋಣಿಚೀಲದ ಕಟ್ಟು, ಯಾವಾಗಲೋ ತಂದು ಗಟ್ಟಿಯಾದ ಸಿಮೆಂಟ್ ಮೂಟೆ. ಒಂದು ಕಾಲಕ್ಕೆ ಮನೆಯ ಅನ್ನ ಹುಟ್ಟುತ್ತಿದ್ದ ಜಾಗ ಅದು. ತಟ್ಟೆಯಲ್ಲಿ ಸೊಪ್ಪು ಕತ್ತರಿಸಿ ಹಾಕುವ ಸಾಕಣೆ ಹೋಗಿ ರೆಂಬೆ ಸಮೇತ ಹಾಕುವ ರೆಂಬೆ ಪದ್ಧತಿ ಬಂತು, ತೋಟದಲ್ಲಿ ಬೇರೆ ಹುಳು ಮನೆ ಎದ್ದಿತು, ಮನೆಯೊಳಗಿನ ಕೋಣೆ ಸಾಮಾನು ತುಂಬುವ ಮೂಲೆಯಾಯಿತು. ಈಗ ಮಗಳ ಬಾಣಂತನಕ್ಕೋ, ಊರಿಗೆ ಬಂದು ಲ್ಯಾಪ್‌ಟಾಪ್ ಹಿಡಿದು ಕೂರುವ ಮಗನಿಗೋ ಕೋಣೆ ಬೇಕು. ಬಣ್ಣದ ಅಂಗಡಿಗೆ ಹೋದರೆ ಲೆಕ್ಕ ಸಲೀಸು: ಎರಡು ಕೋಟ್ ಪುಟ್ಟಿ, ಒಂದು ಪ್ರೈಮರ್, ಎರಡು ಕೋಟ್ ಎಮಲ್ಷನ್. ಬೇಸಿಗೆಯಲ್ಲಿ ಹೊಡೆಸಿದ್ದು ಗೌರಿ ಹಬ್ಬಕ್ಕೆ ಕನ್ನಡಿಯಂತೆ ಹೊಳೆಯುತ್ತದೆ, ದೀಪಾವಳಿ ಹೊತ್ತಿಗೆ ಹಪ್ಪಳದ ಹಾಗೆ ಏಳುತ್ತದೆ.

ಬೈಸಿಕೊಳ್ಳುವುದು ಬಣ್ಣದವನು. ತಪ್ಪಿರುವುದು ಆ ಗೋಡೆಗೆ ಆ ಬಣ್ಣ ಬಳಿದಿದ್ದರಲ್ಲಿ. ಈ ಕೋಣೆಯ ಗೋಡೆ ಬೇರೆ ಕೋಣೆಗಳ ಗೋಡೆಯಂತಲ್ಲ, ಅದು ಉಪ್ಪು ಕುಡಿದ ಗೋಡೆ.

ಹೇಗೆ ಅಂತ ಲೆಕ್ಕ ಹಾಕಿ. ಪ್ರತಿ ಬೆಳೆಗೂ, ಅಂದರೆ ಪ್ರತಿ ಸಲ ಹುಳು ಸಾಕುವ ಮುಂಚೆ, ಕೋಣೆಗೆ ರೋಗದ ಔಷಧಿ ಹೊಡೆಯಲೇಬೇಕು, ಇಲ್ಲದಿದ್ದರೆ ಹುಳುವಿಗೆ ಸಪ್ಪೆ ರೋಗ, ಸುಣ್ಣಕಟ್ಟು ರೋಗ. ಫಾರ್ಮಲಿನ್ ಹೊಡೆದಿದ್ದರೆ ಚಿಂತೆಯಿಲ್ಲ, ಗಾಳಿಗೆ ಹೋಗಿಬಿಡುತ್ತದೆ. ಬ್ಲೀಚಿಂಗ್ ಪುಡಿ ಹಾಗಲ್ಲ. ಶೇಕಡ 2ರ ದ್ರಾವಣ ಅಂದರೆ 20 ಲೀಟರ್ ನೀರಿಗೆ 400 ಗ್ರಾಂ. ವರ್ಷಕ್ಕೆ ಐದು ಬೆಳೆ, ಬೆಳೆಗೆ ಒಂದೇ ಸಲ ಹೊಡೆದರೂ ವರ್ಷಕ್ಕೆ 2 ಕೆಜಿ, ಇಪ್ಪತ್ತು ವರ್ಷಕ್ಕೆ 40 ಕೆಜಿ. ಅದರ ಕ್ಲೋರಿನ್ ಕೆಲಸ ಮುಗಿಸಿದ ಮೇಲೆ ಉಳಿಯುವುದು ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು. ಗಾಳಿಯಲ್ಲಿನ ತೇವವನ್ನು ಎಳೆದುಕೊಂಡು ತಾನೇ ನೀರಾಗುವ ಜಾತಿ ಅದು. ಸ್ವಲ್ಪ ನೆಲ ತೊಳೆದಾಗ ಹೋಗಿರುತ್ತದೆ, ಮಿಕ್ಕಿದ್ದು ಗೋಡೆಯೊಳಗೆ ಕೂತಿರುತ್ತದೆ. ಇದರ ಮೇಲೆ ಮರಿ ಹುಳುವಿಗೆ ಶೇಕಡ 85–90 ತೇವಾಂಶ ಬೇಕೆಂದು ಒದ್ದೆ ಗೋಣಿ ಕಟ್ಟಿ, ಬೆಳಕಿಂಡಿ ಮುಚ್ಚಿ ವರ್ಷಗಟ್ಟಲೆ ಕೋಣೆಯನ್ನು ಬೇಕೆಂದೇ ತೇವವಾಗಿ ಇಟ್ಟಿರುತ್ತಾರೆ. ಪಕ್ಕದ ಗೋಡೆಯ ಆಚೆಗೆ ದನದ ಕೊಟ್ಟಿಗೆ ಇದ್ದರೆ ಗಂಜಲದ ಉಪ್ಪೂ ಸೇರುತ್ತದೆ. ಆಷಾಢದಲ್ಲಿ ಮಳೆ ಹನಿ ಬೀಳದ ದಿನವೂ ಗೋಡೆ ಬೆವರುವುದು ಇದಕ್ಕೇ.

ಆದ್ದರಿಂದ ಮೊದಲ ಕೆಲಸ ನೀರು ಎಲ್ಲಿಂದ ಬರುತ್ತಿದೆ ಅಂತ ಕಂಡುಕೊಳ್ಳುವುದು. ದಾರಿಗಳು ಮೂರು: ಮೇಲಿನ ಚಪ್ಪಡಿ ಸಂದಿನಿಂದ, ಕೆಳಗಿನ ಪಾಯದಿಂದ, ಇಲ್ಲವೇ ಗಾಳಿಯಿಂದ. ಒಂದು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯದು, ಹೊರಮೈ ಒದ್ದೆಯಾದರೆ ಕೋಣೆಯ ಗಾಳಿಯದು. ಉಪ್ಪಿಗೆ ಬೇರೆ ಪರೀಕ್ಷೆ ಇದೆ. ಗೋಡೆಯ ಒಂದು ಹಿಡಿ ಗಾರೆ ಕೆರೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಮೋಡದ ದಿನ ರಾತ್ರಿ ತಟ್ಟೆಯಲ್ಲಿ ತೆರೆದಿಡಿ. ಬೆಳಿಗ್ಗೆ ಬೆಲ್ಲದ ಪುಡಿಯ ಹಾಗೆ ಕೈಗೆ ಅಂಟಿದರೆ ನೀರೆಳೆಯುವ ಉಪ್ಪು ಇದೆ. ಬರೀ ಬಿಳಿ ಹತ್ತಿಯಂಥ ನವಿರು ಪುಡಿ ಗೋಡೆಯ ಮೇಲೆ ಕಾಣುತ್ತಿದ್ದರೆ ಅದು ಪಾಯದಿಂದ ಏರಿದ ತೇವ ಹೊತ್ತು ತಂದ ಉಪ್ಪು, ಸಾಮಾನ್ಯವಾಗಿ ನೆಲದಿಂದ ಮೂರಡಿಯೊಳಗೆ. ಹುಳು ಕೋಣೆಯಲ್ಲಿ ಎರಡೂ ಒಟ್ಟಿಗೆ ಇರುವುದೇ ಹೆಚ್ಚು.

ಕೋಣೆ ಖಾಲಿ ಮಾಡುವಾಗ ಮೂಲೆಯಲ್ಲಿ ಹಳೇ ಫಾರ್ಮಲಿನ್ ಕ್ಯಾನು, ಬ್ಲೀಚಿಂಗ್ ಪುಡಿ ಚೀಲ ಇದ್ದರೆ ಮೊದಲು ಅವನ್ನು ಹೊರಗೆ ಸಾಗಿಸಿ. ಗೋಡೆ, ನೆಲ ಶುದ್ಧ ಮಾಡಲು ಆ್ಯಸಿಡ್ ಹಾಕೋಣ ಅನ್ನುವ ಕೆಲಸಗಾರರಿದ್ದಾರೆ. ಖಂಡಿತ ಬೇಡ. ಬ್ಲೀಚಿಂಗ್ ಪುಡಿ ಉಳಿದಿರುವ ಕಡೆ ಆ್ಯಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಬರುವ ವಿಷ. ಸುಣ್ಣದ ಗಾರೆಯನ್ನಂತೂ ಆ್ಯಸಿಡ್ ತಿಂದೇ ಹಾಕುತ್ತದೆ.

ಕೆಲಸಕ್ಕೆ ಒಳ್ಳೇ ಕಾಲ ಸಂಕ್ರಾಂತಿಯಿಂದ ಯುಗಾದಿಯವರೆಗೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರಿನದು, ಆಮೇಲೆ ದಪ್ಪ ಗೋಡೆ ಒಣಗಲು ಎರಡು ಮೂರು ತಿಂಗಳು ಬೇಕು. 2021ರ ನವೆಂಬರ್ ಮಳೆಯಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಹಳೇ ಗೋಡೆಗಳು ಕುಸಿದವು. ಆ ವರ್ಷ ನೆನೆದು ಉಳಿದ ಗೋಡೆಗಳಲ್ಲಿ ಕಲ್ಲಿನ ನಡುವಿನ ಮಣ್ಣು ತೊಳೆದುಹೋಗಿದೆಯೇ ಅಂತ ಹೊರಗಿನಿಂದಲೂ ನೋಡಬೇಕು. ಗೋಡೆ ಹೊಟ್ಟೆ ಉಬ್ಬಿದ್ದರೆ ಬಣ್ಣದ ಮಾತು ಬಿಟ್ಟು ಮೊದಲು ಅನುಭವಿ ಮೇಸ್ತ್ರಿಗೆ ತೋರಿಸಿ.

ಮೊದಲು ಮೇಲಿನ ಸೂರು. ಕಲ್ಲು ಚಪ್ಪಡಿ ಸೋರುವುದಿಲ್ಲ, ಸೋರುವುದು ಚಪ್ಪಡಿ ಚಪ್ಪಡಿ ನಡುವಿನ ಸಂದು. ಮೇಲೆ ಹತ್ತಿ ಹಳೇ ಗಾರೆ ಬಿರುಕು ಬಿಟ್ಟ ಕಡೆಯೆಲ್ಲ ಒಂದು ಅಂಗುಲ ಅಗಲಕ್ಕೆ ಬಿಡಿಸಿ, ಹುಲ್ಲಿನ ಬೇರು ಕಿತ್ತು, ಬ್ರಷ್‌ನಿಂದ ಧೂಳು ತೆಗೆದು, ನೀರು ಚಿಮುಕಿಸಿ, ಸುಣ್ಣ–ಇಟ್ಟಿಗೆ ಪುಡಿ–ಮರಳು ಸಮಸಮ ಕಲಸಿದ ಗಾರೆಯನ್ನು ಒತ್ತಿ ತುಂಬಬೇಕು. ಹಳಬರು ಇದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು, ಅಳಲೆಕಾಯಿ ಈಗಲೂ ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ. ತುಂಬಿದ ಮೇಲೆ ಒದ್ದೆ ಗೋಣಿ ಮುಚ್ಚಿ ಹತ್ತು ದಿನ ಆರದಂತೆ ನೋಡಿಕೊಳ್ಳಿ. ಬರೀ ಸಿಮೆಂಟ್ ಹಾಲು ಸುರಿದರೆ ಎರಡು ಬೇಸಿಗೆಯಲ್ಲಿ ಮತ್ತೆ ಕೂದಲೆಳೆ ಬಿರುಕು: ಚಪ್ಪಡಿ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಸಿಮೆಂಟ್ ಅದರ ಜೊತೆ ಅಲುಗಾಡುವುದಿಲ್ಲ.

ಈಗ ಗೋಡೆ. ಕೀಲಿಕೈ ಗೊಂಚಲಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ಡೊಬ್ ಅಂತ ಪೊಳ್ಳು ಶಬ್ದ ಬಂದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಪೊಳ್ಳಾದದ್ದು, ಉಪ್ಪು ಹತ್ತಿದ್ದು ಎಲ್ಲ ಬೀಳಿಸಬೇಕು, ಉಪ್ಪಿನ ಗೆರೆ ಎಲ್ಲಿ ನಿಂತಿದೆಯೋ ಅದರಿಂದ ಒಂದು ಅಡಿ ಮೇಲಿನವರೆಗೂ. ಗಟ್ಟಿಯಾಗಿರುವ ಹಳೇ ಸುಣ್ಣದ ಗಾರೆಯನ್ನು ಮುಟ್ಟಬೇಡಿ, ಅದರಷ್ಟು ಒಳ್ಳೇದು ಮತ್ತೆ ಮಾಡಿಸುವುದು ಕಷ್ಟ. ಯಾರೋ ನಡುವೆ ಬಳಿಸಿದ ಸಿಮೆಂಟ್ ಪ್ಲಾಸ್ಟರ್ ಇದ್ದರೆ ತೆಗೆಯಲೇಬೇಕು. ಬಿದ್ದ ಗಾರೆಯನ್ನು ಅದೇ ದಿನ ಹೊರಗೆ ಹಾಕಿ. ಗೋಡೆ ಬುಡದಲ್ಲಿ ಗುಡ್ಡೆ ಬಿಟ್ಟರೆ ಅದರ ಉಪ್ಪು ಮತ್ತೆ ಗೋಡೆಗೇ ಏರುತ್ತದೆ. ಕಲ್ಲಿನ ಸಂದಿನ ಸಡಿಲ ಮಣ್ಣನ್ನು ಅರ್ಧ ಮುಕ್ಕಾಲು ಅಂಗುಲ ಆಳಕ್ಕೆ ಕೆರೆದು ಒಣ ಬ್ರಷ್‌ನಿಂದ ಗುಡಿಸಿ.

ಇಲ್ಲಿ ಮೇಸ್ತ್ರಿ ಹೇಳುವ ಮಾತು ಒಂದೇ: "ಅಣ್ಣಾ, ಕೆಳಗಡೆ ನಾಲ್ಕು ಅಡಿ ಸಿಮೆಂಟ್ ಬಳಿದುಬಿಡೋಣ, ಕಲ್ಲಾಗ್ಬಿಡ್ತದೆ." ನಿಜ, ಕಲ್ಲಾಗುತ್ತದೆ. ಆದರೆ ಒಳಗಿನ ತೇವಕ್ಕೆ ಹೊರಬರಲು ದಾರಿ ಇಲ್ಲದೆ ಮೂರು ಅಡಿಯಲ್ಲಿ ನಿಂತಿದ್ದದ್ದು ಐದು ಅಡಿಗೆ ಏರುತ್ತದೆ. ಒಳಗಿನ ಮಣ್ಣಿನ ಗಾರೆ ಮೆತ್ತಗಾಗಿ ಸಿಮೆಂಟ್ ಪದರ ಹಲಗೆಯ ಹಾಗೆ ಕಳಚಿಕೊಳ್ಳುತ್ತದೆ. ನೆಲಕ್ಕೆ ಟೈಲ್ಸ್ ಹಾಕಿದರೂ ಇದೇ ಕತೆ: ನೆಲದಿಂದ ಆವಿಯಾಗಿ ಹೋಗುತ್ತಿದ್ದ ತೇವವೆಲ್ಲ ಗೋಡೆಯ ಕಡೆಗೆ ತಿರುಗುತ್ತದೆ. ಮಣ್ಣಿನ ಗಾರೆಯ ಗೋಡೆ ಉಸಿರಾಡಬೇಕು.

ಗಾರೆ ಬೀಳಿಸಿದ ಮೇಲೆ ಎಲ್ಲರೂ ಬಿಟ್ಟುಬಿಡುವ ಕೆಲಸ ಉಪ್ಪು ತೆಗೆಯುವುದು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಇನ್ನೂ ಒಳಗೆ ಹೋಗುತ್ತದೆ. ಅದನ್ನು ಹೊರಗೆ ಎಳೆಯಬೇಕು, ಗಾಯಕ್ಕೆ ಪೋಲ್ಟೀಸು ಕಟ್ಟಿದ ಹಾಗೆ. ಜೇಡಿಮಣ್ಣು ಒಂದು ಪಾಲು, ಮರಳು ಒಂದು ಪಾಲು, ನೀರಲ್ಲಿ ನೆನೆಸಿ ಅರೆದ ಹಳೇ ಪೇಪರಿನ ತಿರುಳು ಎರಡು ಪಾಲು ಕಲಸಿ ರೊಟ್ಟಿ ಹಿಟ್ಟಿನ ಹದಕ್ಕೆ ತನ್ನಿ. ಚೌಳು ಮಣ್ಣು ಬೇಡವೇ ಬೇಡ. ನಮ್ಮ ಬೋರ್‌ವೆಲ್ ನೀರಿನಲ್ಲೇ ಉಪ್ಪು ಇರುವುದರಿಂದ ಈ ಒಂದು ಕೆಲಸಕ್ಕೆ ಮಳೆನೀರನ್ನೋ, ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೋ ಬಳಸಿ. ಗೋಡೆಗೆ ನೀರು ಚಿಮುಕಿಸಿ ಈ ಮಿಶ್ರಣವನ್ನು ಮುಕ್ಕಾಲು ಅಂಗುಲ ದಪ್ಪಕ್ಕೆ ಒತ್ತಿ ಮೆತ್ತಿ, ಕಿಟಕಿ ತೆಗೆದಿಟ್ಟು ಬಿಡಿ. ಫೆಬ್ರವರಿ ಗಾಳಿಗೆ ಎರಡು ಮೂರು ವಾರದಲ್ಲಿ ಆರುತ್ತದೆ. ಆರುವಾಗ ಗೋಡೆಯೊಳಗಿನ ನೀರು ಹೊರಮುಖವಾಗಿ ಬರುತ್ತಾ ಉಪ್ಪನ್ನು ಹೊತ್ತು ತಂದು ಈ ಮೆತ್ತೆಯಲ್ಲಿ ಬಿಡುತ್ತದೆ. ಅಂಚಿನಲ್ಲಿ ಬಿಳಿ ಬೂಷ್ಟಿನ ಹಾಗೆ ಕಾಣುವುದೇ ಅದು. ಕಿತ್ತು ದೂರ ಹಾಕಿ ಇನ್ನೊಂದು ಸಲ ಮೆತ್ತಿ. ಎರಡು ಸಲ ಕಡ್ಡಾಯ, ಕೊಟ್ಟಿಗೆ ಪಕ್ಕದ ಗೋಡೆಗೆ ಮೂರು. ತಿಂಗಳು ಹೆಚ್ಚಾಯಿತು ಅನ್ನಿಸುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ಲಾಭ ಕೊಡುವ ತಿಂಗಳು ಇದೇ.

ಈ ಕಾಯುವ ದಿನಗಳಲ್ಲಿ ಸುಣ್ಣ ಅರಳಿಸಿಕೊಳ್ಳಿ. ಹತ್ತು ಅಡಿಗೆ ಹನ್ನೆರಡು ಅಡಿ, ಹತ್ತು ಅಡಿ ಎತ್ತರದ ಕೋಣೆ ಅಂದುಕೊಳ್ಳೋಣ. ಬಾಗಿಲು, ಕಿಟಕಿ ಕಳೆದು ಗೋಡೆ ಸುಮಾರು 400 ಚದರ ಅಡಿ, ಮೇಲಿನ ಚಪ್ಪಡಿ 120. ಕೆಳಗಿನ ಮೂರು ಅಡಿ ಹೊಸ ಗಾರೆಗೆ ಬರುವುದು ಸುಮಾರು 120 ಚದರ ಅಡಿ. ಗಾರೆಗೂ ಬಣ್ಣಕ್ಕೂ ಸೇರಿ 50 ಕೆಜಿ ಸುಟ್ಟ ಸುಣ್ಣದ ಕಲ್ಲು ಸಾಕು. ಕಬ್ಬಿಣದ ಎರಡು ಡ್ರಮ್ಮಿನಲ್ಲಿ ಅರ್ಧಕ್ಕಿಂತ ಕಡಿಮೆ ನೀರು ತುಂಬಿ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಪ್ಲಾಸ್ಟಿಕ್ ಡ್ರಮ್ ಕರಗುತ್ತದೆ, ಯಾಕೆಂದರೆ ಸುಣ್ಣ ಅರಳುವಾಗ ನೀರು ಕುದಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಸಿಡಿದರೆ ಕಾಲು ಗಂಟೆ ಬಿಡದೆ ನೀರು ಹಾಕಿ ತೊಳೆದು ನೇರ ಆಸ್ಪತ್ರೆಗೆ. ಕುದಿ ನಿಂತ ಮೇಲೆ ಕಲಕಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಮುಚ್ಚಿಡಿ. ಎರಡು ವಾರಕ್ಕೆ ಬೆಣ್ಣೆಯಾಗುತ್ತದೆ. ಅಂಗಡಿಯ ಚೀಲದ ಪುಡಿ ಸುಣ್ಣವೂ ನಡೆಯುತ್ತದೆ, ಆದರೆ ಹಳೇ ಚೀಲದ್ದು ಗಾಳಿಗೆ ಅರ್ಧ ಸತ್ತಿರುತ್ತದೆ.

ಗಾರೆಗೆ ಅಳತೆ: ಸುಣ್ಣದ ಬೆಣ್ಣೆ ಒಂದು, ಇಟ್ಟಿಗೆ ಪುಡಿ ಒಂದು, ಮರಳು ಎರಡು. ಇಟ್ಟಿಗೆ ಪುಡಿ ಯಾಕೆಂದರೆ ತೇವದ ಗೋಡೆಯಲ್ಲಿ ಬರೀ ಸುಣ್ಣ ಗಟ್ಟಿಯಾಗುವುದು ಬಹಳ ನಿಧಾನ. ಹಳೇ ಹಂಚು ಕುಟ್ಟಿದರೂ ಆದೀತು. ಈ ಗೋಡೆಗೆ ಮರಳು ಐದು ಘನ ಅಡಿ, ಮಿಕ್ಕೆರಡೂ ತಲಾ ಎರಡೂವರೆ. ಹಳೇ ಕಲ್ಲುಗೋಡೆಯ ತಗ್ಗುಗಳು ಇನ್ನೂ ಒಂದಷ್ಟು ನುಂಗುತ್ತವೆ, ಮಿಗಿಸಿಟ್ಟುಕೊಳ್ಳಿ. ಮರಳಿನ ಬಗ್ಗೆ ಎಚ್ಚರ. ಕೆರೆ, ಹೊಲದ ಮಣ್ಣು ತೊಳೆದು ಮಾಡಿದ ಫಿಲ್ಟರ್ ಮರಳಿನಲ್ಲಿ ಜೇಡಿ ಉಳಿದಿರುತ್ತದೆ, ಗಾರೆ ಸೀಳುತ್ತದೆ. ಗಾಜಿನ ಬಾಟಲಿಗೆ ಅರ್ಧ ಮರಳು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಮೂರು ಗಂಟೆ ಇಡಿ. ಮೇಲೆ ಕೂತ ಕೆಸರಿನ ಪದರ ಮರಳಿನ ಎತ್ತರದ ಹನ್ನೆರಡರಲ್ಲಿ ಒಂದು ಪಾಲು ದಾಟಿದರೆ ಆ ಲೋಡು ವಾಪಸ್ ಕಳಿಸಿ. ಪ್ಲಾಸ್ಟರಿಂಗ್ ಎಂ-ಸ್ಯಾಂಡ್ ಒಳ್ಳೇದು.

ಗೋಡೆಯನ್ನು ಹಿಂದಿನ ದಿನವೇ ತೇವ ಮಾಡಿ, ಮೊದಲ ಪದರ ಅರ್ಧ ಅಂಗುಲ. ಅದು ಹೆಬ್ಬೆರಳಿಗೆ ಒತ್ತಿದರೆ ಗುರುತು ಬೀಳುವಷ್ಟು ಬಿಗಿದ ಮೇಲೆ ಗೀರು ಎಳೆದು, ನಾಲ್ಕೈದು ದಿನ ಬಿಟ್ಟು ಎರಡನೇ ಪದರ ಕಾಲು ಅಂಗುಲ. ಮರದ ಉಜ್ಜುಹಲಗೆಯಲ್ಲಿ ಉಜ್ಜಿ. ಕಬ್ಬಿಣದ ಕರಣೆಯಲ್ಲಿ ನುಣುಪು ಮಾಡಿದರೆ ಮೇಲ್ಮೈ ಮುಚ್ಚಿಹೋಗಿ ಒಳಗಿನ ತೇವ ಸಿಕ್ಕಿಕೊಳ್ಳುತ್ತದೆ. ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸುತ್ತಾ ಹತ್ತು ದಿನ. ಮಾರ್ಚ್ ಬಿಸಿಲು ಕಿಟಕಿಯಿಂದ ನೇರ ಬೀಳುತ್ತಿದ್ದರೆ ಒದ್ದೆ ಗೋಣಿ ನೇತುಹಾಕಿ. ಬೇಗ ಆರಿದ ಸುಣ್ಣ ಪುಡಿಯಾಗುತ್ತದೆ, ಕೈ ಸವರಿದರೆ ಉದುರುತ್ತದೆ.

ಮೇಲಿನ ಚಪ್ಪಡಿಗೆ ಹೊಗೆ ಹಿಡಿದಿರುತ್ತದೆ. ಚಳಿಗಾಲದಲ್ಲಿ ಹುಳುವಿಗೆ ಬಿಸಿ ಕೊಡಲು ಇಟ್ಟ ಇದ್ದಿಲು ಒಲೆಯದ್ದು. ಹಾಗೆಯೇ ಸುಣ್ಣ ಬಳಿದರೆ ಒಂದೇ ವಾರದಲ್ಲಿ ಚಹಾ ಬಣ್ಣದ ಕಲೆ ಮೇಲೆ ಬರುತ್ತದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಎರಡು ಸಲ ಬರೀ ನೀರಿನಲ್ಲಿ ಒರೆಸಿ. ಇದನ್ನು ಗೋಡೆಯ ಗಾರೆ ಹಚ್ಚುವ ಮೊದಲೇ ಮಾಡಿ ಮುಗಿಸಿದರೆ ಒಳ್ಳೇದು. ಕರಿ ನೀರು ಹೊಸ ಗಾರೆಯ ಮೇಲೆ ಇಳಿದರೆ ಕಣ್ಣೀರು ಬರುತ್ತದೆ.

ಬಣ್ಣ ಅಂದರೆ ಸುಣ್ಣವೇ. ಮೂರು ಕೋಟ್‌ಗೆ 15 ಕೆಜಿ ಸುಟ್ಟ ಸುಣ್ಣದಷ್ಟು ಬೆಣ್ಣೆ ತೆಗೆದಿಟ್ಟಿರುತ್ತೀರಲ್ಲ, ಕೆಜಿಗೆ ಒಟ್ಟು ಐದು ಲೀಟರ್ ನೀರಿನ ಲೆಕ್ಕದಲ್ಲಿ ತೆಳು ಮಾಡಿ, ಹಳೇ ಪಂಚೆಯಲ್ಲಿ ಸೋಸಿ. ಬಿಸಿನೀರಲ್ಲಿ ಕರಗಿಸಿದ ಒಂದಿಷ್ಟು ಅಂಟು, ಬೆಳ್ಳಗೆ ಕಾಣಲು ಚಿಟಿಕೆ ನೀಲಿ. ಕೈಗೆ ಹತ್ತದಿರಲಿ ಅಂತ ಸುಣ್ಣಕ್ಕೆ ಅಡಿಗೆ ಉಪ್ಪು ಹಾಕುವ ರೂಢಿ ಇದೆ. ಒಣ ಕೋಣೆಗೆ ಸರಿ, ಈ ಕೋಣೆಗೆ ಬೇಡ, ಕಷ್ಟಪಟ್ಟು ಹೊರಗೆ ಎಳೆದ ಉಪ್ಪನ್ನು ನಾವೇ ಮತ್ತೆ ಬಳಿದಂತೆ. ತಿಳಿ ಹಳದಿ, ಕೆಮ್ಮಣ್ಣಿನ ಬಣ್ಣ ಬೇಕಿದ್ದರೆ ಆಕ್ಸೈಡ್ ಪುಡಿ ಸೇರಿಸಬಹುದು, ಹತ್ತು ಕೆಜಿ ಸುಣ್ಣಕ್ಕೆ ಒಂದು ಕೆಜಿ ದಾಟಬಾರದು, ದಾಟಿದರೆ ಬಟ್ಟೆಗೆ ಹತ್ತುತ್ತದೆ.

ಗೋಡೆ ತೇವ ಮಾಡಿ, ಹಾಲಿನಷ್ಟು ತೆಳುವಾಗಿ ಒಮ್ಮೆ ಮೇಲಿಂದ ಕೆಳಗೆ, ಅದು ಆರುವ ಮೊದಲೇ ಅಡ್ಡಡ್ಡ ಎಳೆಯಿರಿ. ಹಚ್ಚಿದ ಕೂಡಲೇ ಏನೂ ಕಾಣುವುದಿಲ್ಲ. ಗೋಡೆ ಬರೀ ಒದ್ದೆಯಾದ ಹಾಗೆ, ಕೆಳಗಿನ ಕಲೆ ಎಲ್ಲ ಹಾಗೇ ಕಾಣುತ್ತದೆ. ಇಲ್ಲೇ ಜನ ತಾಳ್ಮೆ ಕಳೆದುಕೊಂಡು ದಪ್ಪಗೆ ಬಳಿಯುವುದು, ದಪ್ಪ ಬಳಿದದ್ದು ಚಕ್ಕೆ ಏಳುವುದು. ಸುಮ್ಮನೆ ಒಂದು ಗಂಟೆ ಬಿಡಿ. ಮೊದಲು ಕಿಟಕಿ ಪಕ್ಕದ ಅಂಚು ಮಸುಕಾಗಿ ಬೆಳ್ಳಗಾಗುತ್ತದೆ, ಆಮೇಲೆ ಬ್ರಷ್ಷಿನ ಒಂದೊಂದೇ ಗೆರೆ ಮೋಡದ ಹಾಗೆ ಕೂಡಿಕೊಳ್ಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಕತ್ತಲೆ ಕೋಣೆಯಲ್ಲಿ ಎದುರಿನವರ ಮುಖ ಕಾಣುವಷ್ಟು ಬೆಳಕು. ಮಾರನೇ ದಿನ ಎರಡನೇ ಕೋಟು, ಅದರ ಮಾರನೇ ದಿನ ಮೂರನೇದು.

ಬಾಗಿಲು, ಕಿಟಕಿಯ ಹಳೇ ಆಯಿಲ್ ಪೇಂಟನ್ನು ಒಣಗಿದ್ದಾಗ ಉಜ್ಜಬೇಡಿ. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ, ಅದಕ್ಕೆ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸ ಇರಬಹುದು. ಬಾಣಂತಿ, ಕೂಸು ಮಲಗುವ ಕೋಣೆ ಅದು. ವಾಟರ್ ಪೇಪರ್‌ನಲ್ಲಿ ಒದ್ದೆ ಮಾಡಿಕೊಂಡೇ ಉಜ್ಜಿ, ಬಂದ ಕೆಸರನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿ. ಕಿಟಕಿ ಸರಳುಗಳು ಕ್ಲೋರಿನ್‌ಗೆ ತುಕ್ಕು ತಿಂದಿರುತ್ತವೆ, ಕೆರೆದು ರೆಡ್ ಆಕ್ಸೈಡ್ ಪ್ರೈಮರ್ ಕೊಡಿ. ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣ ಬಾರದಂತೆ ಬಡಿದ ಹಳೇ ನೈಲಾನ್ ಬಲೆ ಧೂಳಿನಿಂದ ಮುಚ್ಚಿಹೋಗಿರುತ್ತದೆ, ಕಿತ್ತು ಸೊಳ್ಳೆಯ ಹೊಸ ಬಲೆ ಹಾಕಿ. ಮುಚ್ಚಿದ ಬೆಳಕಿಂಡಿಗಳನ್ನೆಲ್ಲ ತೆರೆಯಿರಿ. ವೈರಿಂಗಿಗೆ ಗೋಡೆ ಕೊರೆಸದೆ ಮೇಲೆಯೇ ಕೇಸಿಂಗ್ ಪಟ್ಟಿ ಓಡಿಸಿ, ಬೋರ್ಡಿಗೆ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿ.

ಗೆದ್ದಲಿಗೆ ಸಾಮಾನ್ಯ ಮದ್ದು ಕ್ಲೋರ್‌ಪೈರಿಫಾಸ್. 20 ಇಸಿ, ಅಂದರೆ ಶೇಕಡ 20ರ ಮದ್ದು, ಒಂದು ಲೀಟರಿಗೆ 19 ಲೀಟರ್ ನೀರು, ಗೋಡೆ–ನೆಲ ಸೇರುವ ಕಡೆ ಅಡಿಗೊಂದು ತೂತು ಕೊರೆದು ಸುರಿಯುತ್ತಾರೆ. ಹಿತ್ತಲಲ್ಲೇ ಹುಳು ಮನೆ ಇದ್ದರೆ, ಹಿಪ್ಪುನೇರಳೆ ಸೊಪ್ಪು ಇದೇ ಜಗಲಿಯಲ್ಲಿ ಇಳಿಯುತ್ತಿದ್ದರೆ ಇದನ್ನು ತರಲೇಬೇಡಿ. ಇಮಿಡಾಕ್ಲೋಪ್ರಿಡ್ ಕೂಡ ಅಷ್ಟೇ. ಕೈಗೆ, ಚಪ್ಪಲಿಗೆ ಹತ್ತಿದ್ದು ಸೊಪ್ಪಿಗೆ ತಾಗಿದರೂ ಇಡೀ ಬೆಳೆ ಹೋಗುತ್ತದೆ. ಗೆದ್ದಲ ಮಣ್ಣಿನ ಹಾದಿ ಕೆರೆದು, ತಿಂದ ಮರ ಕತ್ತರಿಸಿ ತೆಗೆದು, ಉಳಿದ ಮರಕ್ಕೆ ಬೋರಾಕ್ಸ್–ಬೋರಿಕ್ ಆ್ಯಸಿಡ್ ದ್ರಾವಣವನ್ನು ಎರಡು ಮೂರು ಸಲ ಕುಡಿಸಿ, ಆರಿದ ಮೇಲೆ ಬಣ್ಣ.

ನೆಲ ಕೊನೆಗೆ. ಕೆಂಪು ನೆಲದಲ್ಲಿ ಸಾಲಾಗಿ, ಊಟದ ತಟ್ಟೆಗಿಂತ ಚಿಕ್ಕದಾದ ಬಿಳಿ ಉಂಗುರಗಳು ಕಾಣುತ್ತವೆ, ನಾಲ್ಕು ನಾಲ್ಕರ ಗುಂಪಾಗಿ. ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಾಲಿಗೆ ಇರುವೆ ಏರದಂತೆ ಇಟ್ಟ ನೀರಿನ ಬಟ್ಟಲುಗಳ ಗುರುತು, ಗಡಸು ನೀರು ಆರಿ ಆರಿ ಕಟ್ಟಿದ ಬಿಳಿ ಪದರ. ಗಟ್ಟಿ ಹುಣಸೆ ರಸ ಹಚ್ಚಿ ಐದು ನಿಮಿಷಕ್ಕೆ ತಿಕ್ಕಿ ತೊಳೆಯಿರಿ, ಹೆಚ್ಚು ಹೊತ್ತು ಬಿಟ್ಟರೆ ಕೆಂಪೂ ಮಂಕಾಗುತ್ತದೆ. ಆಮೇಲೆ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ವಾರಕ್ಕೊಮ್ಮೆ ಒರೆಸಿ, ಒಂದೆರಡು ತಿಂಗಳಿಗೆ ನೆಲದ ಹೊಳಪು ಬರುತ್ತದೆ. ಉಂಗುರದ ನೆರಳು ಸ್ವಲ್ಪ ಉಳಿದರೆ ಉಳಿಯಲಿ.

ಮಂಚ, ಬೀರುಗಳನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಡಿ. ಮೊದಲ ಮಳೆಗಾಲದಲ್ಲಿ ತೇವ ಎಷ್ಟು ಎತ್ತರಕ್ಕೆ ಬಂತೋ ಅಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಬಿಳಿ ಪುಡಿ ಕಂಡರೆ ಒದ್ದೆ ಬಟ್ಟೆ ತಾಗಿಸದೆ ಒಣ ಬ್ರಷ್‌ನಲ್ಲಿ ಗುಡಿಸಿ, ಮೊರದಲ್ಲಿ ಹಿಡಿದು ಹೊರಗೆ ಚೆಲ್ಲಿ. ಮುಂದಿನ ಯುಗಾದಿಗೆ ಐದು ಕೆಜಿ ಸುಣ್ಣ, ಒಂದು ಕೋಟು.